ಅಳತೆ ಮಾಡುವವರಿಗೆ ದುಡ್ಡು ಕೊಡುವುದು ಯಾರು?

ನಮ್ಮ ಮನೆ ಇರುವುದು ಮಂಗಳೂರಿನ ಕೂಳೂರಿನ ಹತ್ತಿರ. ಮಳೆಗಾಲ ಮುಗಿದ ಮೇಲೆ ಅಮ್ಮ ಬಟ್ಟೆ ಒಣಹಾಕುವ ಮೊದಲು ಹಗ್ಗವನ್ನು ಬೆರಳಿನಿಂದ ಒರೆಸಿ ನೋಡುತ್ತಾರೆ. ಕಾರ್ಖಾನೆಯ ಮಸಿ ತಗಲಿ ಬೆರಳು ಕಪ್ಪಾದರೆ ಅವತ್ತು ಬಟ್ಟೆ ಎಲ್ಲ ಜಗಲಿಯ ಒಳಗೆ. ಎರಡು ವರ್ಷದ ಹಿಂದೆ ನಾನು ಈ ಬಗ್ಗೆ ಒಂದು ದೂರು ಬರೆದಿದ್ದೆ. ಬಹಳ ದಿನ ಕಳೆದು ಉತ್ತರ ಬಂತು. ಕಾರ್ಖಾನೆಯವರು ಕೊಟ್ಟ ಪರೀಕ್ಷಾ ವರದಿಯ ಪ್ರಕಾರ ಎಲ್ಲವೂ ಮಿತಿಯೊಳಗೇ ಇದೆಯಂತೆ. ಆ ಪರೀಕ್ಷೆ ಮಾಡಿಸಿದವರೂ ಅವರೇ, ಅದಕ್ಕೆ ದುಡ್ಡು ಕೊಟ್ಟವರೂ ಅವರೇ.

ಆವಾಗಿನಿಂದ ಈ ವಿಷಯ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಗೊತ್ತಾಯಿತು, ಇದೇ ಪ್ರಶ್ನೆಯನ್ನು ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿ ಎಷ್ಟೋ ವರ್ಷದ ಹಿಂದೆಯೇ ತನಗೆ ತಾನೇ ಕೇಳಿಕೊಂಡಿತ್ತು.

ಅಲ್ಲಿ ಹೈಕೋರ್ಟ್ ಆದೇಶದಿಂದಾಗಿ 1996ರಿಂದಲೇ ಕಾರ್ಖಾನೆಗಳು ಹೊರಗಿನ ಆಡಿಟರ್‌ಗಳಿಂದ, ಅಂದರೆ ಮಾಲಿನ್ಯ ಅಳೆದು ವರದಿ ಬರೆಯುವವರಿಂದ, ಪರೀಕ್ಷೆ ಮಾಡಿಸಬೇಕಿತ್ತು. ಆದರೆ ಆಡಿಟರನ್ನು ಆರಿಸುವುದು, ಸಂಬಳ ಕೊಡುವುದು ಎರಡೂ ಕಾರ್ಖಾನೆಯವರೇ. 2009ರಲ್ಲಿ ಮಂಡಳಿ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಒಂದು ಪ್ರಯೋಗ ಮಾಡಿತು. ಅಹಮದಾಬಾದ್ ಮತ್ತು ಸೂರತ್ ಸುತ್ತಿನ 473 ಕಾರ್ಖಾನೆಗಳು. ಅರ್ಧದಷ್ಟು ಕಡೆ ಹಳೆಯ ಪದ್ಧತಿ ಹಾಗೇ ಉಳಿಯಿತು. ಇನ್ನರ್ಧ ಕಡೆ ಆಡಿಟರ್ ಯಾರೆಂದು ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಅವರಿಗೆ ಸಂಬಳ ಒಂದು ಸಾಮಾನ್ಯ ನಿಧಿಯಿಂದ. ಅವರು ಅಳತೆ ಮಾಡಿ ಹೋದ ಮೇಲೆ ಕೆಲವು ಕಡೆ ಬೇರೆಯವರು ಹೋಗಿ ಮತ್ತೆ ಅಳೆದರು.

ಹಳೆಯ ಪದ್ಧತಿಯಲ್ಲಿ ಆಡಿಟರ್‌ಗಳು ಹೊಗೆಯ ಕಣಗಳ ಮಿತಿ ಮೀರಿದ್ದಾರೆ ಎಂದು ಬರೆದದ್ದು ಬರೇ ಶೇ. 7ರಷ್ಟು ಕಾರ್ಖಾನೆಗಳ ಬಗ್ಗೆ. ಅಲ್ಲೂ ಬೇರೆಯವರು ಹೋಗಿ ಮತ್ತೆ ಅಳೆದಾಗ ಮಿತಿ ಮೀರಿದ್ದು ಶೇ. 59! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹೊಸ ಪದ್ಧತಿಯಲ್ಲಿ ಸುಳ್ಳು "ಮಿತಿಯೊಳಗಿದೆ" ವರದಿಗಳು ಶೇ. 80ರಷ್ಟು ಕಡಿಮೆಯಾದವು. ಅಷ್ಟೇ ಅಲ್ಲ, ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. ಹೊಸ ಕಾನೂನು ಬೇಕಾಗಲಿಲ್ಲ, ದುಡ್ಡು ಹೋಗುವ ದಾರಿ ಬದಲಾಯಿತು. 2015ರಲ್ಲಿ ಮಂಡಳಿ ಆಡಿಟರನ್ನು ಚೀಟಿ ಎತ್ತಿ ಕಳಿಸುವುದನ್ನೇ ನಿಯಮ ಮಾಡಿತು.

ಆಮೇಲೆ 2019ರಲ್ಲಿ ಸೂರತ್‌ನಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. 300ಕ್ಕೂ ಹೆಚ್ಚು ಕಾರ್ಖಾನೆಗಳ ಚಿಮಣಿಗಳಿಗೆ ಹೊತ್ತು ಹೊತ್ತಿಗೂ ಅಳೆಯುವ ಉಪಕರಣ ಕೂರಿಸಿದರು. ಅದರಲ್ಲಿ ಸುಮಾರು ಅರ್ಧದಷ್ಟನ್ನು ಒಂದು ಮಾರುಕಟ್ಟೆಗೆ ಸೇರಿಸಿದರು. ಎಲ್ಲರೂ ಸೇರಿ ಬಿಡಬಹುದಾದ ಕಣಗಳಿಗೆ ಒಂದು ಮೇಲ್ಮಿತಿ, ಅದರೊಳಗೆ ಇಷ್ಟಿಷ್ಟು ಬಿಡಲು ಪರ್ಮಿಟ್. ಕಡಿಮೆ ಬಿಟ್ಟವರು ಉಳಿದ ಪರ್ಮಿಟ್ ಮಾರಬಹುದು, ಜಾಸ್ತಿ ಬಿಡುವವರು ಕೊಳ್ಳಬೇಕು. ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ಕಣಗಳು ಶೇ. 20ರಿಂದ 30ರಷ್ಟು ಇಳಿದವು.

"ಹಾಗಾದರೆ ದುಡ್ಡು ಕೊಟ್ಟವರು ಹೊಗೆ ಬಿಡಬಹುದಾ?" ಎಂದು ನೀವು ಕೇಳಬಹುದು. ನನಗೂ ಈ ಅಳುಕು ಇದೆ. ಒಟ್ಟು ಮೊತ್ತ ಇಳಿದರೂ ನಮ್ಮ ಹತ್ತಿರದ ಜೋಕಟ್ಟೆಯಲ್ಲಿ ಶಾಲೆಯ ಪಕ್ಕದ ಒಂದು ಚಿಮಣಿ ಜಾಸ್ತಿ ಬಿಟ್ಟರೆ ಆ ಮಕ್ಕಳಿಗೆ ಎಂತ ಲಾಭ? ಹಾಗಾಗಿ ನನ್ನ ಮಟ್ಟಿಗೆ ಮಾರುಕಟ್ಟೆ ಎರಡನೇ ಮಾತು. ಮೊದಲು ಬೇಕಾದದ್ದು ನಂಬಬಹುದಾದ ಅಳತೆ.

ಒಂದು ರಾಜ್ಯದ ಒಳ್ಳೆಯ ಕೆಲಸ ಇನ್ನೊಂದಕ್ಕೆ ದಾಟಬಲ್ಲದು. ಕಾರ್ಖಾನೆಗಳ ಹೊಗೆ ನೋಡಿ ಒಂದರಿಂದ ಐದು ಸ್ಟಾರ್ ಕೊಟ್ಟು ಜನರ ಮುಂದೆ ಇಡುವುದನ್ನು ಮಹಾರಾಷ್ಟ್ರ 2017ರಲ್ಲಿ ಶುರು ಮಾಡಿತು, ಮರುವರ್ಷವೇ ಒಡಿಶಾ ಕೂಡ ಮಾಡಿತು. ನಮ್ಮ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಪ್ರತಿ ಘಟಕದ ಸ್ಟಾರ್ ಎಷ್ಟೆಂದು ನಮ್ಮ ಮೊಬೈಲಿನಲ್ಲೇ ಕಾಣುವ ಹಾಗಿದ್ದರೆ ಎಷ್ಟು ಒಳ್ಳೆಯದಿತ್ತು, ಅಲ್ವಾ?

ಕರಾವಳಿಯವರಿಗೆ ಇದು ಇನ್ನೂ ಜಾಸ್ತಿ ಬೇಕು. 2025ರ ಜೂನ್‌ನಲ್ಲಿ ಕೇರಳದ ಕಡಲಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಬದುಕಿ ಉಳಿದ 18 ಸಿಬ್ಬಂದಿಯನ್ನು ಕರೆತಂದದ್ದು ನಮ್ಮ ಪಣಂಬೂರಿನ ಬಂದರಿಗೆ. ಕಡಲಿಗೆ ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಗೊತ್ತಿಲ್ಲ. ಬೂತಾಯಿ ಮೀನಿಗೂ ಗೊತ್ತಿಲ್ಲ. ಮೀನಿನ ಹುಡಿ ಮಾಡುವ ಕಾರ್ಖಾನೆಗಳ ವಾಸನೆ, ಅವುಗಳ ನೀರು, ಇವು ಉಳ್ಳಾಲದಲ್ಲೂ ಅದೇ, ಮಲ್ಪೆಯಲ್ಲೂ ಅದೇ, ಗಡಿಯಾಚೆಯೂ ಅದೇ. ಹಾಗಿದ್ದ ಮೇಲೆ ಕೇರಳ, ಕರ್ನಾಟಕ, ಗೋವಾ ಮಂಡಳಿಗಳು ಒಂದೇ ರೀತಿಯಲ್ಲಿ ಅಳೆದು, ಲೆಕ್ಕವನ್ನು ಒಂದೇ ಕಡೆ ಇಟ್ಟರೆ ಆಗದಾ?

ಕಾನೂನು ಅಡ್ಡ ಬರುವುದಿಲ್ಲ. 1974ರ ಜಲ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿಯನ್ನೇ ಕಟ್ಟಬಹುದು. ಅರ್ಧ ಶತಮಾನದಿಂದ ಆ ಸಾಲು ಪುಸ್ತಕದಲ್ಲಿದೆ. ಅಮೆರಿಕದಲ್ಲಿ ಈಶಾನ್ಯ ಭಾಗದ ಹತ್ತು ರಾಜ್ಯಗಳು 2009ರಿಂದ ವಿದ್ಯುತ್ ಸ್ಥಾವರಗಳ ಇಂಗಾಲಕ್ಕೆ ಒಂದೇ ಮೇಲ್ಮಿತಿ ಇಟ್ಟು ಕೆಲಸ ಶುರು ಮಾಡಿದವು. ನಾವು ಮೂರು ರಾಜ್ಯಗಳು ಕೂತು ಮಾತಾಡಲು ಆಗದಾ?

ಇಷ್ಟನ್ನೂ ನಾಳೆಯೇ ಮಾಡಿ ಎಂದು ನಾನು ಕೇಳುವುದಿಲ್ಲ. ಮೊದಲಿಗೆ ಒಂದೇ ಒಂದು ಸಾಕು. ಘಟಕಗಳು ಪರೀಕ್ಷೆಗೆ ಕೊಡುವ ಶುಲ್ಕ ಒಂದು ಸಾಮಾನ್ಯ ನಿಧಿಗೆ ಹೋಗಲಿ, ಯಾವ ಲ್ಯಾಬ್ ಎಲ್ಲಿಗೆ ಎಂದು ಚೀಟಿ ಎತ್ತಲಿ, ಹತ್ತರಲ್ಲಿ ಒಂದನ್ನಾದರೂ ಬೇರೆಯವರು ಮತ್ತೆ ಅಳೆಯಲಿ. ನಮ್ಮ ಭಾಗದಲ್ಲಿ ಮುಂದಿನ ಪರಿಸರ ಅಹವಾಲು ಸಭೆ ನಡೆದಾಗ ನಾನು ಹೋಗಿ ಇದನ್ನೇ ಕೇಳುತ್ತೇನೆ, ಬರೆದೂ ಕೊಡುತ್ತೇನೆ. ಫಲ್ಗುಣಿ ನದಿಯ ಎರಡೂ ದಡದವರು, ಬೆಂಗ್ರೆಯವರು, ಎಲ್ಲೂರು ಪಡುಬಿದ್ರಿ ಕಡೆಯವರು ಯಾರಾದರೂ ಜೊತೆಗೆ ಬರುವುದಾದರೆ ಕೆಳಗೆ ಹೇಳಿ. ಮನವಿ ಬರೆದು ಇಟ್ಟಿದ್ದೇನೆ, ಸಹಿ ಹಾಕಲು ಜಾಗ ಬೇಕಾದಷ್ಟಿದೆ.