ಎಡಕ್ಕೆ ತಿರುಗಬೇಕಿತ್ತು, ವೈಪರ್ ತಿರುಗಿತು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಆಕಾಶದಲ್ಲಿ ಹೆಸರಿಗೊಂದು ಮೋಡ ಇಲ್ಲ. ಸಿಗ್ನಲ್ಲಿನಲ್ಲಿ ನಿಂತ ಅಷ್ಟುದ್ದ ಸಾಲಿನಲ್ಲಿ ಒಂದೇ ಒಂದು ಕಾರಿನ ವೈಪರ್ ಒಣಗಿದ ಗಾಜನ್ನು ಕರ್ರ್ ಕರ್ರ್ ಅಂತ ಕೆರೆಯುತ್ತಿದೆ ಅಂದರೆ, ಅದರ ಮೂತಿಯ ಮೇಲೆ ನೀಲಿ ಮೊಟ್ಟೆಯಾಕಾರದ ಬಿಲ್ಲೆ ಇದೆಯಾ ನೋಡಿ. ಇದ್ದರೆ, ಒಳಗೆ ಕೂತವರಿಗೆ ತಲೆ ಕೆಟ್ಟಿಲ್ಲ. ಪಾಪ, ಅವರು ಎಡಕ್ಕೆ ತಿರುಗಬೇಕು ಅಂತಿದ್ದಾರೆ.

ಮನೆಯಲ್ಲಿ ಒಂದು ಮಾರುತಿ, ಒಂದು ಫೋರ್ಡ್ ಎಕೋಸ್ಪೋರ್ಟ್ ಇಟ್ಟುಕೊಂಡವರಿಗೆ ಈ ಕರ್ಮ ತಪ್ಪಿದ್ದಲ್ಲ. ಮಾರುತಿಯಲ್ಲಿ ಇಂಡಿಕೇಟರ್ ಕಡ್ಡಿ ಸ್ಟಿಯರಿಂಗಿನ ಬಲಕ್ಕೆ, ವೈಪರ್ ಕಡ್ಡಿ ಎಡಕ್ಕೆ. ಎಕೋಸ್ಪೋರ್ಟಿನಲ್ಲಿ ಅದಲು ಬದಲು. ಮಾರುತಿಯ ಅಭ್ಯಾಸದಲ್ಲಿ ಬಲಗಡೆಯ ಕಡ್ಡಿಯನ್ನು ಮೇಲೆತ್ತಿದರೆ ಎಡಕ್ಕೆ ತಿರುಗುವ ಸನ್ನೆ. ಎಕೋಸ್ಪೋರ್ಟಿನಲ್ಲಿ ವೈಪರ್ ಶುರು, ಕೈಯಾರೆ ಇಳಿಸುವ ತನಕ ನಿಲ್ಲುವುದಿಲ್ಲ. ಕೆಳಗೆ ಒತ್ತಿದರೆ ಒಂದೇ ಸಲ ಗುಡಿಸಿ ಸುಮ್ಮನಾಗುತ್ತದೆ. ಅಂದರೆ ಬಲಕ್ಕೆ ತಿರುಗುವಾಗ ತಪ್ಪಿದರೆ ಮರ್ಯಾದೆ ಒಂದೇ ಸಲಕ್ಕೆ ಹೋಗುತ್ತದೆ, ಎಡಕ್ಕೆ ತಿರುಗುವಾಗ ತಪ್ಪಿದರೆ ಕಂತಿನಲ್ಲಿ ಹೋಗುತ್ತದೆ. ಇನ್ನು ಎದುರಿನ ಬಸ್ಸಿನವರಿಗೆ ಲೈಟು ಮಿಣುಕಿಸೋಣ ಅಂತ ಅದೇ ಕಡ್ಡಿಯನ್ನು ತಮ್ಮ ಕಡೆಗೆ ಎಳೆದರೆ, ಗಾಜಿಗೆ ನೀರು ಚಿಮ್ಮುತ್ತದೆ. ಗಾಳಿ ಇದ್ದರೆ ಪಕ್ಕದ ಸ್ಕೂಟರಿನವರಿಗೂ ತೀರ್ಥ.

ಕಾರಣ ದೊಡ್ಡದೇನಲ್ಲ. ಸ್ಟಿಯರಿಂಗ್ ಎಡಗಡೆ ಇರುವ ದೇಶಗಳಲ್ಲಿ ಬಲಗೈ ಗೇರಿಗೆ, ಬಿಡುವಾಗಿರುವ ಎಡಗೈ ಇಂಡಿಕೇಟರಿಗೆ. ಲೆಕ್ಕ ಸರಿಯಾಗಿಯೇ ಇದೆ. ಸ್ಟಿಯರಿಂಗ್ ಬಲಕ್ಕೆ ಬಂದಾಗ ಕಡ್ಡಿಗಳೂ ಅದಲು ಬದಲಾಗಬೇಕಿತ್ತು. ಯುರೋಪಿನ ಪದ್ಧತಿ ಹಿಡಿದವರು ಇದ್ದದ್ದನ್ನು ಇದ್ದ ಹಾಗೇ ಇಟ್ಟರು. ಹೀಗಾಗಿ ಗೇರು ಬದಲಿಸುವುದೂ ಎಡಗೈ, ಇಂಡಿಕೇಟರ್ ಹಾಕುವುದೂ ಎಡಗೈ. ಬಲಗೈ ಮಾತ್ರ ಮದುವೆ ಮನೆಗೆ ಬಂದ ಬೀಗರ ಹಾಗೆ ಕೂತಿರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳದ್ದೂ ಇದೇ ಪಾಡು, ನಿಜ. ಆದರೆ ಕೈ ಹೋದ ಕಡೆ ಬೇಕಾದ್ದು ಇಲ್ಲದಿರುವುದು ಫೋರ್ಡಿಗೆ ಮನೆತನದ ಗುಣ. ಅಜ್ಜನ ಕಾಲದಿಂದ ಬಂದಿದೆ.

ಅಜ್ಜ ಅಂದರೆ ಮಾಡೆಲ್ ಟಿ. ಹೆನ್ರಿ ಫೋರ್ಡ್ 1903ರಲ್ಲಿ ಕಂಪನಿ ಕಟ್ಟಿ, 1908ರಲ್ಲಿ 850 ಡಾಲರಿಗೆ ಈ ಕಾರನ್ನು ಮಾರುಕಟ್ಟೆಗೆ ತಂದರು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಹಾಕಿದ ಮೇಲೆ, ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. ಬೆಲೆ ಇಳಿಯುತ್ತಾ ಇಳಿಯುತ್ತಾ 260 ಡಾಲರ್ ಮುಟ್ಟಿತು. 1927ರಲ್ಲಿ ನಿಲ್ಲಿಸುವಷ್ಟರಲ್ಲಿ ಒಂದೂವರೆ ಕೋಟಿ ಕಾರುಗಳು ರಸ್ತೆಗಿಳಿದಿದ್ದವು.

ಆ ಒಂದೂವರೆ ಕೋಟಿ ಕಾರುಗಳಲ್ಲಿ, ತೀರಾ ಮೊದಲಿನ ಕೆಲವನ್ನು ಬಿಟ್ಟರೆ, ಎಲ್ಲದರಲ್ಲೂ ಕಾಲ ಕೆಳಗೆ ಮೂರು ಪೆಡಲ್. ಬಲದ್ದು ಬ್ರೇಕ್. ನಡುವಿನದ್ದು ರಿವರ್ಸ್. ಎಡದ್ದನ್ನು ಪೂರ್ತಿ ಒತ್ತಿ ಹಿಡಿದರೆ ಮೊದಲನೇ ಗೇರು, ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಎರಡನೇ ಗೇರು. ಹಾಗಾದರೆ ಆಕ್ಸಿಲರೇಟರ್ ಎಲ್ಲಿ ಅಂದರೆ ಸ್ಟಿಯರಿಂಗ್ ಕೆಳಗೆ, ಬಲಗೈ ಪಕ್ಕದ ಸಣ್ಣ ಕಡ್ಡಿ. ಎಡಗಡೆಯ ಕಡ್ಡಿ, ಇಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಸುವ ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡಲಿಕ್ಕೆ. ನೋಡಿ, ಆಗಲೇ ಎರಡು ಕಡ್ಡಿಗಳಿದ್ದವು, ಆಗಲೇ ಗೊಂದಲವೂ ಇತ್ತು. ಪೆಟ್ರೋಲ್ ಟ್ಯಾಂಕ್ ಬಹುಪಾಲು ಕಾರುಗಳಲ್ಲಿ ಮುಂದಿನ ಸೀಟಿನ ಅಡಿಗೆ. ಬಂಕಿನಲ್ಲಿ ಎಲ್ಲರೂ ಎದ್ದು ನಿಲ್ಲಬೇಕು, ಸೀಟು ತೆಗೆಯಬೇಕು, ಕೋಲು ಅದ್ದಿ ಎಷ್ಟಿದೆ ನೋಡಬೇಕು. ಪಂಪ್ ಇಲ್ಲದ್ದರಿಂದ ಪೆಟ್ರೋಲ್ ತಾನಾಗಿಯೇ ಇಳಿದು ಇಂಜಿನ್ ಸೇರಬೇಕಿತ್ತು. ಟ್ಯಾಂಕಿನಲ್ಲಿ ಕಡಿಮೆ ಇದ್ದು, ದಿಬ್ಬ ಕಡಿದಾಗಿದ್ದರೆ, ಇಂಜಿನ್ನೇ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಉಸಿರು ಕಟ್ಟುತ್ತಿತ್ತು. ಪರಿಹಾರ? ಕಾರನ್ನು ತಿರುಗಿಸಿ ಗುಡ್ಡವನ್ನು ರಿವರ್ಸಿನಲ್ಲಿ ಹತ್ತುವುದು. ಅಮೆರಿಕದಲ್ಲಿ ತಯಾರಾದ ತೆರೆದ ಮಾಡೆಲ್ ಟಿ ಕಾರುಗಳಲ್ಲಿ ಬಹಳ ವರ್ಷ ಚಾಲಕನ ಪಕ್ಕದಲ್ಲಿ ಬಾಗಿಲೇ ಇರಲಿಲ್ಲ, ತಗಡಿನ ಮೇಲೆ ಬಾಗಿಲಿನ ಉಬ್ಬುಗೆರೆ ಮಾತ್ರ ಇತ್ತು. ಆಚೆ ಕಡೆಯಿಂದ ಹತ್ತಿ, ಜರುಗಿ ಜರುಗಿ ಬರಬೇಕು.

ಅದೆಲ್ಲ ಹೋಗಲಿ. ಚಳಿಗಾಲದ ಬೆಳಗ್ಗೆ ಅದನ್ನು ಸ್ಟಾರ್ಟ್ ಮಾಡುವ ವೈಭವ ಕೇಳಿ. ಹ್ಯಾಂಡ್‌ಬ್ರೇಕ್ ಹಿಂದಕ್ಕೆ ಎಳೆಯಬೇಕು, ಅದೇ ನ್ಯೂಟ್ರಲ್ಲೂ ಹೌದು. ಕಿಡಿಯ ಕಡ್ಡಿ ಪೂರ್ತಿ ಮೇಲಕ್ಕೆ. ಮರೆತರೆ ಇಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಆಮೇಲೆ ಮುಂದೆ ಬಂದು, ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು, ಎಡಗೈಯಲ್ಲಿ, ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಇಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಡೆಟ್ರಾಯಿಟಿನ ಚಳಿಗೆ ಅದು ಎರಡೆಳೆ ಪಾಕದ ಹಾಗೆ ಗಟ್ಟಿಯಾಗಿ ಕ್ಲಚ್ಚಿನ ತಟ್ಟೆಗಳ ಸಂದಿಯಲ್ಲಿ ಅಂಟಿಕೊಂಡಿರುತ್ತದೆ. ನ್ಯೂಟ್ರಲ್ ಅಂತ ನಾವು ಅಂದುಕೊಂಡಿರುತ್ತೇವೆ, ತಟ್ಟೆಗಳು ಅಂದುಕೊಂಡಿರುವುದಿಲ್ಲ. ಹತ್ತನೇ ಎಳೆತಕ್ಕೆ ಇಂಜಿನ್ ಹತ್ತಿಕೊಳ್ಳುತ್ತದೆ. ಯಜಮಾನ ಬೆವರು ಒರೆಸಿಕೊಂಡು ನಗುವಷ್ಟರಲ್ಲಿ ಕಾರು, ಸಾಕಿದ ಎಮ್ಮೆ ಮೈ ಉಜ್ಜಲು ಬರುವ ಹಾಗೆ, ಮೆಲ್ಲಗೆ ಅವನ ಮೇಲೇ ಬರುತ್ತದೆ. ಹಿಂದೆ ಗೋಡೆ, ಮುಂದೆ ಫೋರ್ಡ್, ಕೈಯಲ್ಲಿ ಹ್ಯಾಂಡಲ್. ಇದಕ್ಕೆ ಅನುಭವಸ್ಥರ ಔಷಧಿ: ಮೂರು ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಜಾಕ್ ಹಾಕಿ ಎತ್ತುವುದು. ಹಿಂದಿನ ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಶಕ್ತಿಯೆಲ್ಲ ಎತ್ತಿದ ಗಾಲಿಗೇ ಹೋಗಿ ಅದು ಗಾಳಿಯಲ್ಲಿ ತಿರುಗುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ. ದಿನಾ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಇಷ್ಟು. ಫೋರ್ಡ್ ಜೋಕುಗಳನ್ನು ಪುಸ್ತಕ ಮಾಡಿ ಮಾರುವ ಮಟ್ಟಕ್ಕೆ ಆ ಕಾಲದ ಜನ ಹೋಗಿದ್ದರು ಅಂದರೆ ಆಶ್ಚರ್ಯವಿಲ್ಲ. ಬಯ್ಯುತ್ತಾ, ನಗುತ್ತಾ ಮತ್ತೆ ಅದನ್ನೇ ಕೊಂಡರು, ಅದು ಆಶ್ಚರ್ಯ.

ಅಜ್ಜನ ಬುದ್ಧಿ ಮೊಮ್ಮಗನಿಗೂ ಬಂತು. 1957ರ ಸೆಪ್ಟೆಂಬರ್ 4ರಂದು ಭಾರಿ ಡಂಗುರದೊಂದಿಗೆ ಬಂದ ಎಡ್ಸೆಲ್ ಕಾರಿನಲ್ಲಿ ಆಟೊಮ್ಯಾಟಿಕ್ ಗೇರಿನ ಗುಂಡಿಗಳನ್ನು ಸ್ಟಿಯರಿಂಗಿನ ನಟ್ಟನಡುವೆ, ಅಂದರೆ ಲೋಕವೆಲ್ಲ ಹಾರ್ನ್ ಹುಡುಕುವ ಜಾಗದಲ್ಲಿ ಕೂರಿಸಿದರು. ಹಾರ್ನ್ ಸುತ್ತಲಿನ ಬಳೆಯಲ್ಲಿತ್ತು. ಅಡ್ಡ ಬಂದವರಿಗೆ ಹಾರ್ನ್ ಮಾಡಲು ಹೋದವರು ಗೇರು ಒತ್ತಿದರು. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಗೇರನ್ನು ಪಾರ್ಕಿನಿಂದ ಬಿಡಿಸುವ ಶಕ್ತಿ ಆ ವಿದ್ಯುತ್ ಮೋಟರಿಗೆ ಸಾಲುತ್ತಿರಲಿಲ್ಲ. ಹೆಸರು ಹುಡುಕಲು ಕವಯಿತ್ರಿ ಮೇರಿಯನ್ ಮೂರ್ ಅವರನ್ನೂ ಕೇಳಿದ್ದರು. ಅವರು ಕೊಟ್ಟ ಹೆಸರುಗಳಲ್ಲಿ ಯುಟೋಪಿಯನ್ ಟರ್ಟಲ್‌ಟಾಪ್ ಕೂಡ ಒಂದು. ಕೊನೆಗೆ ಹೆನ್ರಿಯ ಮಗ, ಆಗಲೇ ತೀರಿಕೊಂಡಿದ್ದ ಎಡ್ಸೆಲ್ ಹೆಸರಿಟ್ಟರು. ಎರಡು ವರ್ಷ ಚಿಲ್ಲರೆಗೆ, 1959ರ ನವೆಂಬರಿನಲ್ಲಿ, ಅಂಗಡಿ ಮುಚ್ಚಿತು. ನಷ್ಟ ಸುಮಾರು 25 ಕೋಟಿ ಡಾಲರ್. ಆಮೆಯ ಹೆಸರನ್ನೇ ಇಟ್ಟಿದ್ದರೆ ಕಡೇಪಕ್ಷ ನೂರು ವರ್ಷ ಆಯಸ್ಸಾದರೂ ಇರುತ್ತಿತ್ತೇನೋ.

ಯುರೋಪಿನ ಫೋಕಸ್ ಕಾರಿನಲ್ಲಂತೂ ಬಾನೆಟ್ ತೆಗೆಯಲು ಮುಂದಿನ ಫೋರ್ಡ್ ಬಿಲ್ಲೆಯನ್ನೇ ಪಕ್ಕಕ್ಕೆ ತಿರುಗಿಸಿ, ಅದರ ಹಿಂದಿನ ತೂತಿಗೆ ಕೀಲಿ ಹಾಕಬೇಕಿತ್ತು. ಕೆಸರು, ನೀರು ಬಿದ್ದು ಆ ಬೀಗ ಹಿಡಿದುಕೊಂಡರೆ ಇಂಜಿನ್ ದರ್ಶನ ಬಂದ್. ಮುಂದಕ್ಕೆ ಹೋಗೋಣ. ಅಲ್ಲ, ಹಿಂದಕ್ಕೆ: ಎಕೋಸ್ಪೋರ್ಟಿನ ಡಿಕ್ಕಿಗೆ.

ಪ್ರತಿ ಮನೆಯಲ್ಲೂ ಒಬ್ಬರು ಮಾವ ಇರುತ್ತಾರೆ. ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು, ಎರಡು ಬ್ಯಾಗು, ಒಂದು ಹಪ್ಪಳದ ಡಬ್ಬಿ ಹಿಡಿದು ಕಾರಿನ ಹಿಂದೆ ಬಂದು ನಿಲ್ಲುತ್ತಾರೆ. ಡಿಕ್ಕಿಯ ಹಿಡಿಕೆ ನಂಬರ್ ಪ್ಲೇಟ್ ಮೇಲಿರುತ್ತದೆ ಅನ್ನುವುದು ಅವರ ಜೀವಮಾನದ ನಂಬಿಕೆ. ಅಲ್ಲಿ ತಡಕಾಡುತ್ತಾರೆ. ಇಲ್ಲ. ಬಂಪರ್ ಕೆಳಗೆ ಕೈ ಹಾಕುತ್ತಾರೆ. ಧೂಳು. ಬಾಗಿಲಿಗೆ ತಗುಲಿಸಿದ ಸ್ಟೆಪ್ನಿ ಚಕ್ರವನ್ನು ಹಿಡಿದು ತಿರುಗಿಸಿ ನೋಡುತ್ತಾರೆ, ಬ್ಯಾಂಕಿನ ತಿಜೋರಿ ತೆಗೆಯುವವರ ಹಾಗೆ. "ಲಾಕ್ ತೆಗಿಯಪ್ಪಾ." "ತೆಗ್ದಿದೀನಿ ಮಾವ." "ಮತ್ತೆ ಹಿಡಿಕೆ ಎಲ್ಲಿ?" ಹಿಡಿಕೆ ಬಲಗಡೆಯ ಟೇಲ್‌ಲ್ಯಾಂಪಿನ ಭಾಗವೇ ಅನ್ನುವ ಹಾಗೆ ಅದರಲ್ಲಿ ಅಡಗಿ ಕೂತಿದೆ. ತೋರಿಸಿಕೊಟ್ಟರೂ ಮುಂದಿನ ಸಲ ಮತ್ತೆ ನಂಬರ್ ಪ್ಲೇಟಿನಿಂದಲೇ ಶುರು.

ಸಿಕ್ಕಿದ ಮೇಲೆ ಮಾವ ಅದನ್ನು ಮೇಲಕ್ಕೆ ಎತ್ತುತ್ತಾರೆ. ಅದು ಮೇಲಕ್ಕೆ ಏಳುವುದಿಲ್ಲ, ಬೀರುವಿನ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ಕೀಲು ಎಡಕ್ಕಿರುವುದರಿಂದ, ರಸ್ತೆಯ ಎಡ ಅಂಚಿಗೆ ನಿಲ್ಲಿಸಿದರೆ ಬಾಗಿಲು ಫುಟ್‌ಪಾತಿನ ಕಡೆಗೆ ಅಡ್ಡ ನಿಲ್ಲುತ್ತದೆ, ಬ್ಯಾಗು ಹಿಡಿದವರು ವಾಹನ ಓಡಾಡುವ ಬದಿಯಿಂದ ಬರಬೇಕು. ಬಲಗಡೆ ಓಡಿಸುವ ದೇಶಕ್ಕೆ ಬಲು ಅನುಕೂಲ. ನಮ್ಮ ಪಾರ್ಕಿಂಗಿಗೆ ಇನ್ನೊಂದು ಮಾತು: ಹಿಂದೆ ಮೂರು ನಾಲ್ಕು ಅಡಿ ಬಿಡದೆ ಗೋಡೆಗೆ ಒತ್ತಿ ನಿಲ್ಲಿಸಿದರೆ ಡಿಕ್ಕಿ ತೆಗೆಯಲು ಹೋಗಿ ಡಿಕ್ಕಿಯೇ ಆಗುತ್ತದೆ. ಇಳಿಜಾರಿನಲ್ಲಿ ಸ್ಟೆಪ್ನಿಯ ಭಾರಕ್ಕೆ ಬಾಗಿಲು ತಾನೇ ಬೀಸಿಕೊಳ್ಳುತ್ತದೆ. ಒಂದು ಕೈ ಅದಕ್ಕೆ ಮೀಸಲಿಡಿ.

ಕೂತ ಮೇಲೆ ಮಾವನ ಎರಡನೇ ಅಧ್ಯಾಯ. ಸಾವಿನ ಮನೆಗೆ ಬಂದವರ ದನಿಯಲ್ಲಿ, "ಕಂಪನಿ ಹೋಯ್ತಲ್ಲಪ್ಪಾ. ಪಾರ್ಟ್ಸ್ ಸಿಗುತ್ತಾ?" ಪೆಟ್ರೋಲ್ ಬಂಕಿನಲ್ಲಿ, ಮದುವೆ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಸಿಗುತ್ತದೆ ಸ್ವಾಮಿ. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಲಿಂಕ್ ರಾಡ್, ಲೋಯರ್ ಆರ್ಮ್ ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತವೆ. ಕಾಯಿಸುವುದು ಟೇಲ್‌ಲ್ಯಾಂಪ್, ಬಂಪರ್ ಥರದ ಮೈಮೇಲಿನ ಸಾಮಾನುಗಳು. ಅದಕ್ಕೆ ಶಿವಾಜಿನಗರದ ಗುಜರಿ ಇದೆ. ಹಳ್ಳದಲ್ಲಿ ಮುಂದುಗಡೆ ಟಕ ಟಕ ಅಂದರೆ ಮೊದಲು ಲಿಂಕ್ ರಾಡ್ ನೋಡಿಸಿ, ಆಮೇಲೆ ಲೋಯರ್ ಆರ್ಮ್ ಬುಷ್. ಅದೆರಡೂ ನೋಡದೆ ಸ್ಟಿಯರಿಂಗ್ ರ್‍ಯಾಕೇ ಹೋಗಿದೆ ಅನ್ನುವ ಮೆಕ್ಯಾನಿಕ್ಕಿಗೆ ಕೈ ಮುಗಿದು ಹೊರಡಿ.

ನಿಜವಾಗಿ ಭಯಪಡಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಒಂದು ಲೀಟರಿನ ಎಕೋಬೂಸ್ಟ್ ಇಂಜಿನ್ ಇದೆಯಲ್ಲ, ಮೂರು ಸಿಲಿಂಡರ್, ಬುಡ ಒಂದು ಎ4 ಹಾಳೆಯಷ್ಟು, ಶಕ್ತಿ ಮಾತ್ರ ಎಮ್ಮೆ ಗಾತ್ರದ್ದು. ಅದರ ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ಕವಾಟಗಳ ತಾಳ ಕಾಯುವ ಪಟ್ಟಿ, ಎಣ್ಣೆಯಲ್ಲೇ ಮುಳುಗಿ ಓಡುತ್ತದೆ. ಹೇಳಿದ 5ಡಬ್ಲ್ಯು-20 ಎಣ್ಣೆಯನ್ನು, ಮಾನ್ಯುಯಲ್ಲಿನಲ್ಲಿರುವ ಫೋರ್ಡ್ ನಮೂನೆ ಸಂಖ್ಯೆಗೆ ಹೊಂದುವುದನ್ನೇ, ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ಬೆಲ್ಟಿನ ರಬ್ಬರ್ ಸಿಪ್ಪೆ ಬಿಟ್ಟು, ಆ ಸಿಪ್ಪೆ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿ, ಎಣ್ಣೆಯ ಒತ್ತಡ ಬಿದ್ದು, ಇಂಜಿನ್ ಕತೆ ಮುಗಿಯುತ್ತದೆ. 2017ರವರೆಗಿನ ಪೆಟ್ರೋಲ್ ಆಟೊಮ್ಯಾಟಿಕ್ಕಿನದು ಬೇರೆ ಗೋಳು. ಎರಡು ಕ್ಲಚ್, 1-3-5ನೇ ಗೇರಿಗೆ ಒಂದು, 2-4-6ಕ್ಕೆ ಇನ್ನೊಂದು, ಎರಡೂ ತಂಪು ಮಾಡಲು ಎಣ್ಣೆಯಿಲ್ಲದ ಒಣ ಕ್ಲಚ್. ಸಿಲ್ಕ್ ಬೋರ್ಡಿನ ಆಮೆ ನಡಿಗೆಯಲ್ಲಿ ಅರೆಬರೆ ಹಿಡಿದು ಜಾರುತ್ತಾ ಕಾಯ್ದು, ನಡುಗಲು ಶುರು ಮಾಡುತ್ತವೆ. ಮುಂದೆ ಒಂದಿಷ್ಟು ಜಾಗ ಬಿಟ್ಟು, ಹೊರಟರೆ ಒಮ್ಮೆಲೇ ಹೊರಡಿ. ಏರಿನಲ್ಲಿ ಆಕ್ಸಿಲರೇಟರಿನಲ್ಲಿ ತಡೆದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ. ಇದೇ ಗೇರ್‌ಬಾಕ್ಸಿಗೆ ಅಮೆರಿಕದ ಫಿಯೆಸ್ಟಾ, ಫೋಕಸ್ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು, ಕಂಪನಿ ರಾಜಿಗೆ ಬಂತು.

ಮಾವನ ಪ್ರಶ್ನೆಯಲ್ಲಿ ಒಂದು ಸತ್ಯ ಇದೆ, ಒಪ್ಪಬೇಕು. ಫೋರ್ಡ್ ಇಲ್ಲಿಗೆ ಎರಡು ಸಲ ಬಂದು ಎರಡು ಸಲ ಹೋಯಿತು. 1926ರಲ್ಲಿ ಬಂದದ್ದು ಐವತ್ತರ ದಶಕದ ಆರಂಭದಲ್ಲಿ ಗಂಟುಮೂಟೆ ಕಟ್ಟಿತು. ಎರಡನೇ ಸಲ 1995ರಲ್ಲಿ ಮಹೀಂದ್ರಾ ಕೈ ಹಿಡಿದು ಬಂದು, ಎಸ್ಕಾರ್ಟ್ ತಂದು, 1999ರಲ್ಲಿ ಐಕಾನ್ ತಂದು, ಚೆನ್ನೈ ಪಕ್ಕದ ಮರೈಮಲೈ ನಗರದಲ್ಲೊಂದು, ಗುಜರಾತಿನ ಸಾಣಂದಿನಲ್ಲೊಂದು ಕಾರ್ಖಾನೆ ಕಟ್ಟಿ, 2021ರ ಸೆಪ್ಟೆಂಬರ್ 9ರಂದು ಸಾಕು ಅಂದಿತು. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಸಾಣಂದಿನದು ಟಾಟಾ ಪಾಲಾಯಿತು. ಚೆನ್ನೈ ಕಾರ್ಖಾನೆಗೆ ಮರಳುತ್ತೇವೆ ಅಂತ 2024ರಲ್ಲಿ ಪತ್ರ ಕೊಟ್ಟರು. 2025ರಲ್ಲಿ ವಿವರ ಬಂತು, ಮಾಡುವುದು ರಫ್ತಿಗೆ ಇಂಜಿನ್. ಕಾರಲ್ಲ. ಊಟಕ್ಕೆ ಬರುತ್ತೇನೆ ಅಂದವರು ಬಂದು, ಬಾಳೆ ಎಲೆ ಮಾತ್ರ ಕೊಯ್ದುಕೊಂಡು ಹೋದ ಹಾಗೆ.

ಹಾಗಿದ್ದರೂ ಐಕಾನ್, ಹಳೇ ಫಿಯೆಸ್ಟಾ ಇಟ್ಟುಕೊಂಡವರು ಮಾರುವುದಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಆ ಸ್ಟಿಯರಿಂಗ್ ಅಂಗೈಯಲ್ಲಿ ಭಾರವಾಗಿ ಕೂತು, ಟಯರಿನ ಕೆಳಗಿನ ಒದ್ದೆ ರಸ್ತೆ ಬೆರಳಿಗೆ ಗೊತ್ತಾಗುತ್ತಿತ್ತು. ಈಗಿನ ಕಾರುಗಳಲ್ಲಿ ಅಂಗೈಯಗಲ ಸ್ಕ್ರೀನು, ತಲೆಯ ಮೇಲೆ ಗಾಜಿನ ಸೂರು ಎಲ್ಲ ಇದೆ, ಸ್ಟಿಯರಿಂಗ್ ಮಾತ್ರ ಮಕ್ಕಳ ವಿಡಿಯೋ ಗೇಮಿನದು. ಮಂಜಿಳಿದ ಬೆಳಗ್ಗೆ, ಎರಡನೇ ಗೇರಿನಲ್ಲಿ, ಕಿಟಕಿ ಇಳಿಸಿಕೊಂಡು ಒಂದು ಘಟ್ಟ ಹತ್ತಿದವರಿಗೆ ಆ ಕಡ್ಡಿ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪೂ ಇರುವುದಿಲ್ಲ.

ಘಟ್ಟ ಇಳಿದು, ಊರು ಸೇರಿ, ಮನೆಯ ಅಡ್ಡರಸ್ತೆ ಬಂದಾಗ ನೆನಪಾಗುತ್ತದೆ. ಎಡಕ್ಕೆ ತಿರುಗಬೇಕು. ಬಲಗೈ ತಾನಾಗಿ ಕಡ್ಡಿ ಮೇಲೆತ್ತುತ್ತದೆ. ಕರ್ರ್. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮಾವ ಎಚ್ಚರಗೊಂಡು, ಗಾಜಿನಾಚೆಯ ಸುಡುಬಿಸಿಲನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಮಳೆ ಬಂತೇನಪ್ಪಾ? ಹಪ್ಪಳ ಹಿಂದುಗಡೆ ಇದೆ, ನೋಡು."