ಎಲ್ಲ ಶಿಲೀಂಧ್ರಗಳನ್ನೂ ತಡೆಯುವ ಲಿಲ್ಲಿ ತಳಿ: ಒಂದು ಸ್ಪಷ್ಟನೆ

‘ಹಾಲೆಂಡಿನ ಹೊಸ ಸಂಕರ ಲಿಲ್ಲಿಗಳಿಗೆ ಯಾವ ಶಿಲೀಂಧ್ರ ರೋಗವೂ ತಗಲದು, ಗಡ್ಡೆಗಳನ್ನು ಶಿಲೀಂಧ್ರನಾಶಕದಿಂದ ಉಪಚರಿಸದೆಯೇ ನೆಡಬಹುದು’ ಎಂದು ಹರಿದಾಡುತ್ತಿರುವ ಮಾತು ಸರಿಯಲ್ಲ. ಗಡ್ಡೆಯ ಬುಡ ಕಂದುಬಣ್ಣಕ್ಕೆ ತಿರುಗಿ ಕೊಳೆತು, ಮುಟ್ಟಿದರೆ ಪದರಗಳು ಕಳಚಿಬರುವಂತೆ ಮಾಡುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ಎಲೆಯ ಮೇಲೆ ಅಂಡಾಕಾರದ ಕಂದು ಚುಕ್ಕೆಗಳನ್ನು ಮೂಡಿಸಿ, ಕೊನೆಗೆ ಗಿಡವನ್ನೇ ಸುಟ್ಟಂತೆ ಒಣಗಿಸುವುದು ಬೋಟ್ರೈಟಿಸ್ ಎಂಬ ಇನ್ನೊಂದು ಶಿಲೀಂಧ್ರ. ಮೊದಲನೆಯದನ್ನು ತಡೆಯುವ ಗುಣ ಹೆಚ್ಚಾಗಿ ಲಿಲ್ಲಿಗಳ ಏಷಿಯಾಟಿಕ್ ಗುಂಪಿನಲ್ಲಿಯೂ ಎರಡನೆಯದನ್ನು ತಾಳುವ ಗುಣ ಓರಿಯೆಂಟಲ್ ಗುಂಪಿನಲ್ಲಿಯೂ ಇದೆ. ಇವೆರಡನ್ನೂ ಬೆಸೆಯಬೇಕಾದರೆ ಹೂವಿನ ಶಲಾಕೆಯನ್ನು (ಪರಾಗ ಅಂಡಾಶಯಕ್ಕೆ ಇಳಿಯುವ ದಾರಿಯಾದ ಕಡ್ಡಿಯಂಥ ಭಾಗವನ್ನು) ಕತ್ತರಿಸಿ ಪರಾಗವಿಟ್ಟು, ಬೀಜದೊಳಗೇ ಸಾಯಲಿದ್ದ ಭ್ರೂಣವನ್ನು ಬಿಡಿಸಿ ಪ್ರಯೋಗಾಲಯದಲ್ಲಿ ಬೆಳೆಸಬೇಕು. ಹಾಗೆ ಹುಟ್ಟಿದ ಗಿಡಗಳೂ ಬಹುಮಟ್ಟಿಗೆ ಬೀಜ ಕಟ್ಟುವುದಿಲ್ಲ. ಇಷ್ಟು ಕಷ್ಟದ ಕೆಲಸವನ್ನು ಸುಳ್ಳು ಭರವಸೆಯಾಗಿ ಹಬ್ಬಿಸುವುದು ನೋವಿನ ಸಂಗತಿ. ನಿರೋಧಕ ತಳಿಗೆ ರೋಗ ಕಡಿಮೆ ತಗಲುತ್ತದೆಯೇ ಹೊರತು ತಗಲುವುದೇ ಇಲ್ಲವೆಂದಲ್ಲ. ಆದ್ದರಿಂದ ಒಳ್ಳೆಯ ಗಡ್ಡೆಗಳನ್ನು ಆಯ್ದು, ಉಪಚರಿಸಿ, ನೀರು ನಿಲ್ಲದ ಮಣ್ಣಿನಲ್ಲಿಯೇ ನೆಡಬೇಕು.