ಅಡುಗೆ ಹೊತ್ತು ಹೋದ ಬೀಗರು

ನಿನ್ನೆಯಿಂದ ತಲೆ ಬಿಸಿಯಾಗಿದೆ. ಕಾರಣ ನಮ್ಮ ದೊಡ್ಡಪ್ಪ, ಮತ್ತೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪು.

ಫಿಲಿಪೀನ್ಸಿನ ಮನಿಲಾದ ನಮ್ಮ ಆಫೀಸಿನ ಹುಡುಗನಿಗೆ ಮದುವೆ. ಹುಡುಗಿ ಬತಂಗಾಸ್ ಕಡೆಯ ಲಿಪಾದವಳು. ಭಾನುವಾರ ಎರಡೂ ಮನೆಯವರ ಮಾತುಕತೆ, ಇಲ್ಲಿ ಅದಕ್ಕೆ ಪಮಮನ್‌ಹಿಕಾನ್ ಅಂತಾರೆ. ನೀನೂ ಗಂಡಿನ ಕಡೆಯವನೇ ಬಾ ಅಂತ ನನ್ನನ್ನೂ ಕಾರಿಗೆ ಹತ್ತಿಸಿಕೊಂಡ. ಕೂರೋಕೆ ಜಾಗ ಎಲ್ಲಿ! ನನ್ನ ತೊಡೆ ಮೇಲೆ ಪಾನ್ಸಿತ್ ನೂಡಲ್ಸಿನ ಟ್ರೇ, ಕಾಲ ಹತ್ತಿರ ಅಂಟಕ್ಕಿ ತೆಂಗಿನಹಾಲಿನ ಬಿಕೊ, ಡಿಕ್ಕಿಯಲ್ಲಿ ಹುರಿದ ಇಡೀ ಹಂದಿ. ನಾನು ಸಸ್ಯಾಹಾರಿ ಅಂತ ನಿಮಗೆಲ್ಲ ಗೊತ್ತಲ್ಲ, ದಾರಿಯುದ್ದಕ್ಕೂ ಕಿಟಕಿಗೆ ಮೂಗು ಇಟ್ಟುಕೊಂಡೇ ಕೂತಿದ್ದೆ.

ಪಮಮನ್‌ಹಿಕಾನ್ ಅನ್ನೋ ಹೆಸರು ಬಂದಿದ್ದು ಪನ್‌ಹಿಕ್‌ನಿಂದ, ಅಂದರೆ ಮನೆಯ ಮೆಟ್ಟಿಲು ಹತ್ತೋದು. ಹಿಂದೆ ಮನೆಗಳು ಕಂಬದ ಮೇಲೆ ಇರುತ್ತಿದ್ದವು, ಗಂಡಿನ ಕಡೆಯವರು ಮೆಟ್ಟಿಲು ಹತ್ತಿ ಹೋಗಿ ಹೆಣ್ಣು ಕೇಳಬೇಕಿತ್ತು. ಈ ಮನೆಗೆ ಇದ್ದದ್ದು ಎರಡೇ ಮೆಟ್ಟಿಲು. ಆದರೂ ಹುಡುಗನ ಅಪ್ಪ, ಅರವತ್ತು ದಾಟಿದವರು, ಟ್ರೇ ಹಿಡಿದುಕೊಂಡೇ ಹತ್ತಿದರು. ಹುಡುಗ ಅಲ್ಲಿದ್ದ ಅಜ್ಜಿಯ ಕೈ ತಗೊಂಡು ಹಣೆಗೆ ಒತ್ತಿಕೊಂಡ, ಅದು ಇವರ ನಮಸ್ಕಾರ. ಆಮೇಲೆ ಅಪ್ಪ ಎದ್ದು ನಿಂತು, ನಿಮ್ಮ ಮಗಳನ್ನು ಕೇಳೋಕೆ ಬಂದಿದ್ದೇವೆ ಅಂದರು. ದನಿ ನಡುಗುತ್ತಿತ್ತು.

ಡಿಸೆಂಬರ್ ಅಂದುಕೊಂಡಿದ್ದು ಆಗಲಿಲ್ಲ. ಹುಡುಗಿಯ ಅಕ್ಕನ ಮದುವೆ ಇದೇ ಜನವರಿಯಲ್ಲಿ ಆಗಿದೆಯಂತೆ, ಒಡಹುಟ್ಟಿದವರು ಒಂದೇ ವರ್ಷ ಮದುವೆಯಾದರೆ ಸುಕೊಬ್, ಅಪಶಕುನ. ಥೇಟ್ ನಮ್ಮ ಅಜ್ಜಿ! ನಿನೊಂಗ್, ನಿನಂಗ್ ಯಾರಾಗಬೇಕು, ಅಂದರೆ ಮದುವೆಗೆ ಸಾಕ್ಷಿ ನಿಲ್ಲೋ ಹಿರಿಯರು ಯಾರು ಅನ್ನೋದಕ್ಕೆ ಒಂದು ಗಂಟೆ ಜಗಳ. ಖರ್ಚಿನ ಮಾತು ಮಾತ್ರ ಐದೇ ನಿಮಿಷ. ಜಾಸ್ತಿ ಪಾಲು ನಮ್ಮದು ಅಂತ ಹುಡುಗನ ಅಪ್ಪ ಅಂದರು, ಮುಗೀತು. ಊಟಕ್ಕೆ ಕೂತಾಗ ಒಬ್ಬರನ್ನೊಬ್ಬರು ಬಲಾಯೆ ಅಂತ ಕರೆಯೋಕೆ ಶುರು ಮಾಡಿದರು. ಬಲಾಯೆ ಅಂದರೆ ಬೀಗರು! ಇಂಗ್ಲಿಷಿನಲ್ಲಿ ಇಲ್ಲದ ಪದ ಇವರಲ್ಲಿದೆ ಅಂತ ಖುಷಿಯಾಗಿ ಫೋಟೋ ಗ್ರೂಪಿಗೆ ಹಾಕಿದೆ.

ದೊಡ್ಡಪ್ಪನ ಉತ್ತರ: "ಗಂಡಿನ ಕಡೆಯವರೇ ಅಡುಗೆ ಹೊತ್ತುಕೊಂಡು ಹೋಗೋದಾ? ಮರ್ಯಾದೆ ಇಲ್ವಾ?"

ಮರ್ಯಾದೆಯಂತೆ. 1961ರಲ್ಲೇ ವರದಕ್ಷಿಣೆ ನಿಷೇಧ ಆಗಿದ್ದರೂ ಛತ್ರದ ಬಾಡಿಗೆ, ಬಸ್ಸು, ಸೂಟು, ಬೆಳ್ಳಿ ತಟ್ಟೆ ಎಲ್ಲ ಹೆಣ್ಣಿನ ಕಡೆಯವರಿಂದಲೇ ಬರಬೇಕು, ಅದು ಮರ್ಯಾದೆ. ಹೆಣ್ಣಿನ ಅಪ್ಪ ಬಾಗಿಲಲ್ಲಿ ದಿನವಿಡೀ ಕೈ ಮುಗಿದು ನಿಂತಿರಬೇಕು, ಅದೂ ಮರ್ಯಾದೆ. ಟ್ರೇ ಹಿಡಿದು ಎರಡು ಮೆಟ್ಟಿಲು ಹತ್ತಿದರೆ ಹೋಗಿಬಿಡ್ತಾ?

ಇಲ್ಲಿ ಹುಡುಗ ಸಾಲ ಮಾಡಲ್ವಾ ಅಂತ ಕಸಿನ್ ಒಬ್ಬ ಕೇಳಿದ. ಮಾಡ್ತಾನೆ, ಸಾಲ ಯಾರ ಹೆಗಲ ಮೇಲಿದ್ದರೂ ಭಾರವೇ. ಆದರೆ ಈ ಕನಿಕರ ಇಷ್ಟು ದಿನ ಎಲ್ಲಿತ್ತಪ್ಪಾ, ನಿನ್ನ ಮಾವನ ಪಿಎಫ್ ಖಾಲಿಯಾದಾಗ?

ಇಷ್ಟು ಟೈಪ್ ಮಾಡಿ ಕಳಿಸೋಕೆ ಹೋದವನು ನಿಲ್ಲಿಸಿದೆ. ನಾನೇನು ಮಹಾ? 'ನಾವು ಏನೂ ಕೇಳಲಿಲ್ಲ' ಅಂತ ಎದೆ ಉಬ್ಬಿಸಿಕೊಂಡು ಓಡಾಡಿದವನು. ಕೇಳಲಿಲ್ಲ, ನಿಜ. ಕೊಟ್ಟಿದ್ದನ್ನು ಬೇಡ ಅನ್ನಲೂ ಇಲ್ಲ. ಹೆಣ್ಣು ನೋಡೋಕೆ ಹೋದ ದಿನ ನಮ್ಮತ್ತೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದಾಗ ಹುಡುಗಿಯ ಅಮ್ಮನ ಎದುರೇ ನಕ್ಕಿದ್ದೆ.

ನಾನು ಕಳಿಸೋ ಮೊದಲೇ ಹೆಂಡತಿ ಗ್ರೂಪಿನಲ್ಲಿ ಹಾಕಿದಳು: "ಇವರು ಅವತ್ತು ನಮ್ಮನೆಗೆ ಏನು ಹೊತ್ತು ತಂದಿದ್ದರು ಅಂತ ಕೇಳಿ."

ಒಂದು ಡಜನ್ ಬಾಳೆಹಣ್ಣು, ಎರಡು ಮೊಳ ಹೂವು. ಅದರಲ್ಲಿ ಹೂವು ಅತ್ತೆ ತಂದಿದ್ದು.